ಅರಳೆ ಹೇರಿದ್ದ ಮಚವೆ

ನನಗೆ ಈಜು ಬರುವುದಿಲ್ಲ. ಹುಬ್ಬಳ್ಳಿಯವನಿಗೆ ಇದೇನು ನಾಚಿಕೆಯ ವಿಷಯವಲ್ಲ. ನಲ್ಲಿ ನೀರಿಗೆ ದಿನಗಟ್ಟಲೆ ಕಾದು, ಬಂದದ್ದನ್ನು ಬ್ಯಾರಲ್ಲಿನಲ್ಲಿ ತುಂಬಿಡುವ ನಮಗೆ ನೀರು ಕೂಡಿಡುವ ವಸ್ತು, ಧುಮುಕುವ ವಸ್ತುವಲ್ಲ. ಆದರೂ ನಮ್ಮ ಮನೆತನ ಮುಳುಗಿದ್ದು ನೀರಿನಲ್ಲೇ ಎಂದು ನಮ್ಮ ಕಾಕಾ ಹೇಳುತ್ತಾರೆ.

ದುರ್ಗದಬೈಲಿನಲ್ಲಿ ನಮ್ಮದು ಗಾದಿ, ತಲೆದಿಂಬಿನ ಅಂಗಡಿ. ಗಿರಾಕಿ ಚೌಕಾಸಿಗೆ ಇಳಿದರೆ ಸಾಕು, ಕಾಕಾ ಶುರುಮಾಡುತ್ತಾರೆ: "ನಮ್ಮ ಅರಳಿ ಬಂಡಿ ಮ್ಯಾಲೆ ಘಟ್ಟ ಇಳದು ಕುಮಟಾಕ್ಕ ಹೋಗ್ತಿತ್ತುರಿ. ನಮ್ಮ ಮುತ್ತ್ಯಾನ ಮಚವೆ ಅಘನಾಶಿನಿ ಹೊಳ್ಯಾಗ ಮುಳುಗಿತು. ಇಲ್ಲಂದ್ರ ನಾವ್ಯಾಕ ಗಾದಿ ಮಾರ್ತಿದ್ವಿ?" ಮಚವೆಯೆಂದರೆ ಹಾಯಿ ಕಟ್ಟಿದ ಸರಕು ಹಡಗು. ಗಿರಾಕಿ ನಕ್ಕು ಮತ್ತೆ ಚೌಕಾಸಿಗೆ ಬರುತ್ತಾನೆ.

ಈ ಬೇಸಿಗೆಯಲ್ಲಿ, ಅದೇ ಹೊಳೆಯಲ್ಲಿ ಹಳೆಯ ಮಚವೆಯೊಂದರ ಪಕ್ಕೆಲುಬು ಕಂಡಿದೆಯೆಂದು ಪತ್ರಿಕೆಯಲ್ಲಿ ಬಂತು. ಕಾಕಾ ಹೊರಟೇಬಿಟ್ಟರು. ಕಾರು ನಡೆಸುತ್ತಿದ್ದ ನನಗೆ ಒಂದೇ ಹೆದರಿಕೆ: ಅದರಲ್ಲಿ ಅರಳೆ ಇರದಿದ್ದರೆ ಕಾಕಾ ಇನ್ನು ಏನು ಹೇಳಿಕೊಂಡು ಬದುಕಬೇಕು?

ಬೆಳಿಗ್ಗೆ ತಲುಪಿದಾಗ ಮಚವೆ ಕೆಸರಿನಲ್ಲಿ ಎದ್ದು ಕಾಣುತ್ತಿತ್ತು. "ಅದೇನು ಓಡಿ ಹೋಗತದೇನು? ಮೊದ್ಲ ಬುತ್ತಿ ಬಿಚ್ಚು" ಎಂದರು ಕಾಕಾ. ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ, ನೆರಳಲ್ಲಿ ಒಂದು ಜೊಂಪು ತೆಗೆದು ಎದ್ದರೆ ಮಚವೆ ನಾಪತ್ತೆ. ಸಮುದ್ರದ ಭರತ ಹೊಳೆಗೂ ಏರುತ್ತದೆಂದು ನಮಗೇನು ಗೊತ್ತು! ನಮ್ಮ ಕಡೆ ಹರಿದು ಹೋದ ನೀರು ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ. ಚಿಪ್ಪು ಆರಿಸಲು ಬಂದಿದ್ದ ಹೆಂಗಸರು ನಮ್ಮನ್ನು ನೋಡಿ ಹೊಟ್ಟೆ ತುಂಬ ನಕ್ಕರು.

ಸಂಜೆ ನೀರು ಇಳಿಯಿತು. ಕಾಕಾ ಧೋತರ ಎತ್ತಿಕಟ್ಟಿ ನನ್ನ ಹೆಗಲು ಹಿಡಿದು ಇಳಿದರು. ಮೊಣಕಾಲುದ್ದ ಕೆಸರು. ಹಲಗೆಗಳ ನಡುವೆ ಕೈ ಹಾಕಿದೆ. ಬಂದದ್ದು ಮನೆಯ ಹಂಚು. ಪಕ್ಕದಲ್ಲಿ ಇನ್ನೊಂದು. ಉದ್ದಕ್ಕೂ ಒತ್ತೊತ್ತಾಗಿ ಜೋಡಿಸಿದ ಹಂಚುಗಳೇ. ಒಂದು ತಲೆದಿಂಬಿನಷ್ಟು ಅರಳೆಗೂ ಅಲ್ಲಿ ಜಾಗವಿರಲಿಲ್ಲ.

ಕಾಕಾ ಹಂಚನ್ನು ತೊಳೆದು, ತಿರುಗಿಸಿ, ಬಹಳ ಹೊತ್ತು ನೋಡಿದರು.

"ಪಾಪ, ಯಾರೋ ಗ್ವಾಡಿ ಎಬ್ಬಿಸಿ ಇದರ ಹಾದಿ ಕಾದಾರ. ಆ ಮಳಿಗಾಲ ಹೆಂಗ ಕಳದಾರೋ ಏನೋ. ಇದ್ದಲ್ಲೇ ಇಡು ತಮ್ಮಾ, ಅವರದದು."

ಅಂಗಡಿಯಲ್ಲಿ ಈಗಲೂ ಮಚವೆಯ ಕತೆ ನಡೆದಿದೆ. ಅರಳೆ ಹೋಗಿ ಹಂಚು ಬಂದಿದೆ, ನಮ್ಮ ಮುತ್ತ್ಯಾನ ಜಾಗಕ್ಕೆ ಹೆಸರು ಗೊತ್ತಿಲ್ಲದ ಆ ಮನೆಯವರು ಬಂದಿದ್ದಾರೆ. ಗಿರಾಕಿಗಳು ಚೌಕಾಸಿ ನಿಲ್ಲಿಸಿ, "ಆಮ್ಯಾಲೆ ಆ ಮಂದಿ ಏನ್ ಮಾಡಿದ್ರುರಿ?" ಎನ್ನುತ್ತಾರೆ. ನಮ್ಮ ಅರಳೆಯ ವಿಷಯಕ್ಕೆ ಇಷ್ಟು ವರ್ಷ ಯಾರೂ ಹಾಗೆ ಕೇಳಿರಲಿಲ್ಲ.