ಬೋರಕ್ಕನ ಮೂಳೆಗಳು

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಹೇಳಿದವರ ಎದುರು ನಗದಿದ್ದರೂ ಮನಸ್ಸಿನಲ್ಲಿ ನಕ್ಕಿದ್ದೇನೆ. ಇದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಅಷ್ಟೇ.

ಕೊಂಡ್ಲಹಳ್ಳಿಯ ಹತ್ತಿರ ನಮ್ಮ ಚಿಕ್ಕವ್ವನ ಹೊಲವಿದೆ. ಅದರ ಮೂಲೆಯಲ್ಲಿ ಅವಳ ಒಬ್ಬಳೇ ಮಗಳು ಬೋರಕ್ಕನನ್ನು ಹೂತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಹೋದ ಹುಡುಗಿ. ಬಹಳ ವರ್ಷಗಳ ಮೇಲೆ ರಸ್ತೆ ಅಗಲ ಮಾಡಲು ಆ ಮೂಲೆ ಹೋಯಿತು. ಮಗಳ ಮೂಳೆಗಳನ್ನು ತೆಗೆದು ಚಿಕ್ಕಪ್ಪನ ಸಮಾಧಿಯ ಪಕ್ಕ ಮಣ್ಣು ಮಾಡಬೇಕೆಂದು ಚಿಕ್ಕವ್ವ ಹಟ ಹಿಡಿದಳು. ಒಂದು ಚೂರೂ ಬಿಟ್ಟುಹೋಗಬಾರದೆಂದು ನನ್ನನ್ನು ಕರೆಸಿದಳು.

ಅಗೆದವನು ಅವಳ ತಮ್ಮ ಓಬಳೇಶ ಮಾವ. ಒಳ್ಳೆಯ ಬಿಸಿಲಿತ್ತು. ಹೂತ ದಿನ ಮೇಲೆ ಹೇರಿದ್ದ ಕಲ್ಲುಗಳು ಕದಲದೆ ಹಾಗೆಯೇ ಇದ್ದವು.

ಮಕ್ಕಳ ಮೂಳೆ ಗುರುತಿಸುವುದು ಕಷ್ಟವಲ್ಲ. ಉದ್ದನೆಯ ಮೂಳೆಗಳ ತುದಿ ಇನ್ನೂ ಬೇರೆಯಾಗಿರುತ್ತದೆ, ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಯೇ. ಬೆಳವಣಿಗೆ ಮುಗಿದಾಗ ತುದಿ ಬೆಸೆದುಕೊಳ್ಳುತ್ತದೆ. ಇದಕ್ಕೆಲ್ಲ ಒಳಗೆ ರಕ್ತ ಹರಿಯುತ್ತಿರಬೇಕು. ಉಸಿರು ನಿಂತರೆ ಮೂಳೆಯೂ ನಿಲ್ಲುತ್ತದೆ.

ತೊಡೆಯ ಮೂಳೆ ಕೈಗೆ ಬಂತು. ತುದಿಗಳು ಬೆಸೆದಿದ್ದವು. ನನ್ನ ತೊಡೆಗೆ ಹಿಡಿದು ನೋಡಿದೆ. ಸೊಂಟದ ಮೂಳೆಯನ್ನೂ ನೋಡಿದೆ. ಬೆಳೆದ ಹೆಂಗಸಿನವು. ಇದು ಬೋರಕ್ಕ ಅಲ್ಲ ಎಂದೆ.

ಮಾವ ಗುದ್ದಲಿ ಕೆಳಗಿಟ್ಟ. “ಬ್ಯಾರೆಯೋರ ಮೂಳೆ ಭಾವನ ಪಕ್ಕ ಇಡಾಕಾಗಲ್ಲ ಕಣಕ್ಕ. ಮುಚ್ಚಿಬಿಡಾಣ.”

ಮುಚ್ಚಿದರೆ ಮೇಲೆ ಟಾರು ಬೀಳುತ್ತಿತ್ತು. ಮಗಳು ಎಲ್ಲಿದ್ದಾಳೆಂಬುದೇ ಚಿಕ್ಕವ್ವನಿಗೆ ಇಲ್ಲದಂತಾಗುತ್ತಿತ್ತು. ಆದರೆ ಅವಳು ಗಾಬರಿಯಾಗಲಿಲ್ಲ.

“ಎಷ್ಟು ವರ್ಷ ಆತಪ್ಪ,” ಎಂದಳು. “ಬೆಳೀಬಾರದಾ?”

ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುವುದು ನಮ್ಮಲ್ಲಿ ರೂಢಿ. ಸತ್ತದ್ದು ಮಗುವಾದರೆ ಮಗುವಿನ ಬಟ್ಟೆಯನ್ನೇ ಇಡುತ್ತಾರೆ. ಚಿಕ್ಕವ್ವ ಮಾತ್ರ ವರ್ಷವರ್ಷವೂ ಅಳತೆ ಹೆಚ್ಚಿಸುತ್ತ ಬಂದಿದ್ದಳು. ಫ್ರಾಕು ಆಯಿತು, ಲಂಗ ಆಯಿತು, ಆಮೇಲೆ ಸೀರೆ. “ಸತ್ತ ಕೂಸಿಗೆ ಸೀರೆ ಉಡಿಸ್ತಾಳೆ, ಗಂಡು ಹುಡುಕೋದೊಂದು ಬಾಕಿ ಐತೆ” ಎಂದು ಮಾವ ಹಂಗಿಸುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ನಾನು ಎಡ ಮುಂಗೈಯ ಮೂಳೆ ಹುಡುಕಿದೆ. ಸಾಯುವುದಕ್ಕೆ ಕೆಲವು ತಿಂಗಳ ಹಿಂದೆ ಬೋರಕ್ಕ ಬಂಡಿಯಿಂದ ಬಿದ್ದು ಅದನ್ನು ಮುರಿದುಕೊಂಡಿದ್ದಳು. ಹತ್ತಿರದ ತಳಕು ಊರಿನಲ್ಲಿ ಬಿದಿರು ದಬ್ಬೆ ಕಟ್ಟಿಸಿದ್ದೆವು. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆ ಕೈಯನ್ನು ಹಿಡಿದು ಅವಳನ್ನು ಎಷ್ಟೋ ಸಲ ಶಾಲೆಗೆ ಕರೆದೊಯ್ದಿದ್ದೆ.

ಮಣ್ಣು ಒರೆಸಿ ನೋಡಿದೆ. ಅದೇ ಜಾಗದಲ್ಲಿ ಕೂಡಿದ ಗುರುತು, ಬಾಗಿದ್ದು ಅದೇ ಕಡೆಗೆ. ಸೊಟ್ಟ ಮಾತ್ರ ಕಡಿಮೆಯಾಗಿತ್ತು. ಬದುಕಿರುವ ಮಕ್ಕಳಲ್ಲಿ ಮೂಳೆ ಬೆಳೆಯುತ್ತ ಬೆಳೆಯುತ್ತ ತನ್ನ ಸೊಟ್ಟವನ್ನು ತಾನೇ ತಿದ್ದಿಕೊಳ್ಳುತ್ತದೆ. ಅದಕ್ಕೆ ವರ್ಷಗಳು ಹಿಡಿಯುತ್ತವೆ.

ಇವಳೇ ಎಂದೆ. ಮಾವ ಮತ್ತೆ ಗುಂಡಿಗೆ ಇಳಿದ. ಚಿಕ್ಕವ್ವ ಚೀಲದಿಂದ ಹೊಸ ಸೀರೆ ತೆಗೆದು ಹಾಸಿದಳು. ಒಂದೊಂದನ್ನೇ ಎತ್ತಿ ಅದರ ಮೇಲೆ ಇಟ್ಟೆವು. ಗಂಟು ಕಟ್ಟುವಾಗ ಅವಳು ನನ್ನ ಕೈ ಹಿಡಿದಳು.

“ಇನ್ನೂ ಬೆಳೀತಾಳೇನಪ್ಪ?”

ತುದಿಗಳು ಬೆಸೆದದ್ದನ್ನು ನೋಡಿದ್ದೆ, ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ ಚಿಕ್ಕವ್ವ. ಇನ್ನು ಇಷ್ಟೇ.”

ಮಗಳು ಸತ್ತ ದಿನ ಅಳದೆ ಕೂತಿದ್ದವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

ಗುರುತು ಹಿಡಿಯುವುದರಲ್ಲಿ ನಾನು ತಪ್ಪಿರಬಹುದೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಕೈ ನೆನಪಾದರೆ ತಪ್ಪಿಲ್ಲ ಎನ್ನಿಸುತ್ತದೆ. ಮಣ್ಣಿನೊಳಗೆ ಅದು ಹೇಗೆ ಬೆಳೆಯಿತೋ ನನಗೆ ತಿಳಿಯದು. ಬೆಳೆದದ್ದು ಬದುಕಿದವರ ಮೂಳೆಯ ಹಾಗೆ ಯಾಕೆ ನಿಂತಿತೋ, ಅದೂ ತಿಳಿಯದು.