ತಾನುಕಿಗೆ ಕರಡಿ ಅನ್ನಬಹುದೇ?

ಅಕ್ಕನಿಗೆ ಮದುವೆ ಗೊತ್ತಾದ ಬೇಸಿಗೆಯಲ್ಲಿ ನಮ್ಮಿಬ್ಬರ ತಲೆ ತಿನ್ನುತ್ತಿದ್ದದ್ದು ಮದುವೆಯಲ್ಲ, ಒಂದು ವೀಡಿಯೊ ಗೇಮಿನ ಹೆಸರು. ಇದನ್ನು ಈಗ ಹೇಳಿದರೆ ಜನ ನಗುತ್ತಾರೆ. ನಗಲಿ. ಆ ಬೇಸಿಗೆ ಪೂರ್ತಿ ನಾವೂ ನಕ್ಕಿದ್ದೇ ನಕ್ಕಿದ್ದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕ ಆಗಷ್ಟೇ ಡಿಗ್ರಿ ಮುಗಿಸಿದ್ದಳು, ನಾನು ಪಿಯುಸಿ ಪರೀಕ್ಷೆ ಬರೆದು ಫಲಿತಾಂಶದ ಯೋಚನೆಯನ್ನು ದೇವರಿಗೆ ಬಿಟ್ಟು ಕೂತಿದ್ದೆ. ಚಾಮರಾಜಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು, ಇಷ್ಟು ದೊಡ್ಡ ಹುಡುಗಿಯರಿಬ್ಬರು ಜಾಯ್‌ಸ್ಟಿಕ್ ಹಿಡಿದು ಕಿರುಚಾಡುವುದನ್ನು ನೋಡಿ ಅಮ್ಮ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಟಿವಿಗೆ ಸಿಕ್ಕಿಸಿ ಗೇಮು ಆಡುವ ಆ ಯಂತ್ರ ನಮ್ಮ ಅತ್ತೆಯ ಮಗನದು. ಅವನು ಹಾಸ್ಟೆಲಿಗೆ ಸೇರಿದಾಗ ಓದು ಕೆಡುತ್ತದೆಂದು ಅತ್ತೆ ಅದನ್ನು ಒಂದು ಚೀಲದ ಕ್ಯಾಸೆಟ್ಟುಗಳ ಸಮೇತ ತಂದು ನಮ್ಮ ಮನೆಗೆ ಹಾಕಿದ್ದರು. ನಮ್ಮ ಓದು ಕೆಟ್ಟರೆ ಪರವಾಗಿಲ್ಲ ಅಂತಲೋ ಏನೋ. ಕ್ಯಾಸೆಟ್ಟುಗಳಲ್ಲಿ ಒಂದರ ಮೇಲೆ ಬರೀ ಜಪಾನಿ ಅಕ್ಷರ. ಹಾಕಿ ನೋಡಿದರೆ ತೆರೆಯ ಮೇಲೂ ಬರೀ ಜಪಾನಿ ಅಕ್ಷರ. ಆದರೆ ಒಳಗಿದ್ದ ಪ್ರಾಣಿ ಮಾತ್ರ ನೋಡಿದ ಕೂಡಲೇ ಎತ್ತಿ ಮುದ್ದಾಡಬೇಕು ಅನ್ನಿಸುವಂಥದ್ದು. ಗುಂಡನೆಯ ಹೊಟ್ಟೆ, ಕಣ್ಣಿನ ಸುತ್ತ ಕಪ್ಪು, ತಲೆಯ ಮೇಲೊಂದು ಎಲೆ, ಕೈಯಲ್ಲೊಂದು ಕೊಡೆ. ಕೊಡೆ ಬಿಚ್ಚಿದರೆ ತೇಲುತ್ತದೆ, ಮಡಚಿದರೆ ಎದುರಿಗೆ ಬಂದವರಿಗೆಲ್ಲ ಅದರಲ್ಲೇ ಬಾರಿಸುತ್ತದೆ. ದಾರಿಯಲ್ಲಿ ಸಿಗುವ, ಮೂರು ಮೂಲೆಯ ಬಿಳಿ ಉಂಡೆ ತಿಂದರೆ ಹೋದ ಜೀವ ವಾಪಸ್ಸು ಬರುತ್ತದೆ. ಅದು ಮೊಸರನ್ನವೇ ಸರಿ ಎಂದು ಅಕ್ಕ ತೀರ್ಪು ಕೊಟ್ಟಳು. ಮೊಸರನ್ನ ತಿಂದು ಸುಧಾರಿಸಿಕೊಳ್ಳುವ ಪ್ರಾಣಿ ಎಂದಮೇಲೆ ಅದು ನಮ್ಮ ಕಡೆಯದೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ನಮ್ಮ ಮನೆಯಲ್ಲೇ. ಯಾವ ಆಟ ಹಾಕುತ್ತೀರಿ ಎಂದು ಬೆಳಿಗ್ಗೆಯಿಂದ ಕಾಟ ಕೊಡುತ್ತಿದ್ದುದರಿಂದ ಅಕ್ಕ ಹಳೆಯ ಸ್ಲೇಟೊಂದನ್ನು ಗೇಟಿಗೆ ನೇತುಹಾಕಿ, ಸಿನಿಮಾ ಟಾಕೀಸಿನವರ ಹಾಗೆ ‘ಇಂದಿನ ಆಟ’ ಎಂದು ಬರೆಯತೊಡಗಿದಳು. ಬೇರೆ ಆಟಗಳಿಗೆಲ್ಲ ಹೆಸರಿತ್ತು. ಎಲ್ಲರಿಗೂ ಬೇಕಾಗಿದ್ದ ಇದೊಂದಕ್ಕೆ ಮಾತ್ರ ಇರಲಿಲ್ಲ. ಮಕ್ಕಳು ಅದನ್ನು ‘ಕೊಡೆ ಕರಡಿ’ ಅನ್ನುತ್ತಿದ್ದರು. ಅಕ್ಕನೂ ಅದನ್ನೇ ಬರೆದಳು.

ಅಷ್ಟರಲ್ಲಿ ನಾನು ಯಾದವಗಿರಿಯ ಗೆಳತಿಯ ಮನೆಗೆ ಹೋದೆ. ದೊಡ್ಡ ಬಂಗಲೆ, ದೊಡ್ಡ ಟಿವಿ, ಅವಳ ತಮ್ಮ ಆಡುತ್ತಿದ್ದಾನೆ. ನೋಡಿದರೆ ಅದೇ ಗುಡ್ಡ, ಅದೇ ನದಿ, ಅದೇ ಟಿಂಟಿಣಿ ಸಂಗೀತ! ಆದರೆ ನಮ್ಮ ಪ್ರಾಣಿ ನಿಜಕ್ಕೂ ಕರಡಿಯಾಗಿಬಿಟ್ಟಿದೆ. ಕಣ್ಣಿನ ಕಪ್ಪು ಇಲ್ಲ, ಎಲೆಯ ಜಾಗದಲ್ಲಿ ಕೆಂಪು ಟೋಪಿ, ಮೊಸರನ್ನದ ಜಾಗದಲ್ಲಿ ಬರ್ಗರ್. ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ‘ಅಂಬ್ರೆಲಾ ಬೇರ್’. ಅವರು ಕೊಟ್ಟ ಜ್ಯೂಸನ್ನೂ ಪೂರ್ತಿ ಕುಡಿಯದೆ ಸೈಕಲ್ ತುಳಿದುಕೊಂಡು ಮನೆಗೆ ಬಂದೆ.

“ಅಕ್ಕಾ, ನಮ್ಮೋನ ಎಲೆ ಕಿತ್ಕೊಂಡ್ಬುಟ್ಟಿದ್ದಾರೆ ಕಣೇ! ಬರ್ಗರ್ ತಿನ್ನಿಸ್ತಾ ಇದ್ದಾರೆ!”

“ಉಸಿರಾಡಿ ಹೇಳು. ಯಾರ ಎಲೆ?”

ವಿಷಯ ತಿಳಿದಮೇಲೆ ಕ್ಯಾಸೆಟ್ ಹಿಡಿದು ಎದುರು ಮನೆಗೆ ಓಡಿದೆವು. ಅಲ್ಲಿ ಮಹಡಿಯ ಕೋಣೆಯಲ್ಲಿ ಯೋಗ ಕಲಿಯಲು ಬಂದಿದ್ದ ಜಪಾನಿನ ಹೆಂಗಸೊಬ್ಬರು ಬಾಡಿಗೆಗಿದ್ದರು. ಕನ್ನಡ ಅಲ್ಪಸ್ವಲ್ಪ ಕಲಿತಿದ್ದರು. ಲೇಬಲ್ಲು ನೋಡಿದ್ದೇ ಅವರ ಮುಖ ಅರಳಿತು. ‘ಕಾಸಾ ತಾನುಕಿ’ ಎಂದು ಓದಿದರು. ಕಾಸಾ ಅಂದರೆ ಕೊಡೆಯಂತೆ. ತಾನುಕಿ ಅಂದರೆ ಅವರ ಕಡೆಯ ಕಾಡುಪ್ರಾಣಿ. ಅಜ್ಜಿಕಥೆಗಳಲ್ಲಿ ಅದು ತಲೆಯ ಮೇಲೆ ಎಲೆ ಇಟ್ಟುಕೊಂಡು ಬೇಕಾದ ವೇಷ ಹಾಕುತ್ತದಂತೆ. ಹೊರದೇಶದವರಿಗೆ ಮಾರಲು ಅದನ್ನೇ ಕರಡಿ ಮಾಡಿರಬೇಕು ಎಂದರು. “ಕರಡಿ ಅಲ್ಲ,” ಎಂದು ಅವರು ನಕ್ಕರು. “ಕರಡಿಗೆ ಹೇಳಬೇಡಿ.”

ಅಲ್ಲಿಂದ ಶುರುವಾಯಿತು ಮಹಾಯುದ್ಧ. ಸ್ಲೇಟಿನ ಮೇಲೆ ಅಸಲಿ ಹೆಸರು ಬರೆಯಬೇಕೆಂದು ನಾನು. ಇಂಗ್ಲಿಷ್ ಹೆಸರೇ ಇರಲೆಂದು ಅಕ್ಕ.

“ತಾನುಕಿ ಅಂದ್ರೆ ಯಾವ ಮಗೂಗೆ ಅರ್ಥ ಆಗುತ್ತೆ ಹೇಳು? ಬೇರ್ ಅಂದ್ರೆ ಎಲ್ರಿಗೂ ಗೊತ್ತು. ಹೋದ ಊರಲ್ಲಿ ಜನರ ಬಾಯಿಗೆ ಸುಲಭ ಆಗೋ ಹೆಸರಿಟ್ಕೊಂಡ್ರೆ ಏನೀಗ ಗಂಟು ಹೋಗೋದು?”

“ಅವನು ಕರಡೀನೇ ಅಲ್ವಲ್ಲೇ! ನಾಳೆ ನಿನ್ನ ಯಾರಾದ್ರೂ ಕತ್ತೆ ಅಂತ ಕರೀಲಿ, ಬಾಯಿಗೆ ಸುಲಭ ಅಂತ ಸುಮ್ನಿರ್ತೀಯಾ?”

“ನೀನು ದಿನಾ ಕರೀತೀಯಲ್ಲ, ಸುಮ್ನಿದ್ದೀನಿ.”

ಬೆಳಿಗ್ಗೆ ಅವಳು ಬರೆದದ್ದನ್ನು ನಾನು ಹಲ್ಲುಜ್ಜುವ ಮೊದಲೇ ಅಳಿಸುತ್ತಿದ್ದೆ, ನಾನು ಬರೆದದ್ದನ್ನು ಅವಳು ಹಾಲು ತರುವ ನೆಪದಲ್ಲಿ ಅಳಿಸುತ್ತಿದ್ದಳು. ಮಕ್ಕಳು ಎರಡು ಪಕ್ಷವಾದರು. ಕೊಡೆ ಕರಡಿಯ ಹಳೆಯ ಪಕ್ಷವೂ ಇತ್ತು, ಅದು ಗಲಾಟೆಯಲ್ಲಿ ಎಲ್ಲರಿಗಿಂತ ಮುಂದೆ. ಅಪ್ಪ ಪೇಪರ್ ಹಿಂದಿನಿಂದಲೇ, ಯಾವ ಹೆಸರಿಟ್ಟರೆ ಟಿವಿ ಬೇಗ ಆಫ್ ಆಗುತ್ತದೋ ತಮ್ಮ ಓಟು ಅದಕ್ಕೆ ಎಂದರು. ವಾದದಲ್ಲಿ ಅಕ್ಕನನ್ನು ಸೋಲಿಸುವುದು ನನ್ನಿಂದ ಈ ಜನ್ಮದಲ್ಲಿ ಆಗುವುದಿಲ್ಲ ಎಂದು ಹೊಟ್ಟೆ ಉರಿದುಕೊಂಡು, ಊಟದ ಹೊತ್ತಿಗೆ ಅವಳ ಎಲೆಯ ಹಪ್ಪಳ ಕದ್ದು ಸೇಡು ತೀರಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಅಕ್ಕನ ಭಾವೀ ಅತ್ತೆ ಧಾರೆಸೀರೆ ತೋರಿಸಲು ಮನೆಗೆ ಬಂದರು. ಒಳ್ಳೆಯ ಹೆಂಗಸು, ಮಾತೆಲ್ಲ ನಗುತ್ತಲೇ. ಕಾಫಿ ಕುಡಿದು ಲೋಟ ಕೆಳಗಿಡುತ್ತಾ, “ನಮ್ಮನೆ ಪದ್ಧತಿ ಒಂದಿದೆ ಕಣಮ್ಮ. ತಾಳಿ ಕಟ್ಟಿದ್ಮೇಲೆ ಹರಿವಾಣದಲ್ಲಿ ಅಕ್ಕಿ ಹರಡಿ, ಉಂಗುರದಲ್ಲಿ ಸೊಸೆಗೆ ಹೊಸ ಹೆಸರು ಬರೀತೀವಿ. ನಮ್ಮತ್ತೆ ಹೆಸರು ನಿಂಗಿಡೋಣ ಅಂತಿದ್ದೀವಿ,” ಎಂದರು. ಆ ಹೆಸರನ್ನೂ ಹೇಳಿದರು. ಹೆಸರೇನೋ ಚೆನ್ನಾಗಿಯೇ ಇತ್ತು. ಅಕ್ಕ ತಲೆಯಾಡಿಸಿ ನಕ್ಕು, ಕುಂಕುಮ ಕೊಟ್ಟು, ಅವರನ್ನು ಗೇಟಿನವರೆಗೆ ಕಳಿಸಿಬಂದಳು.

ಮರುದಿನ ನಾನೆದ್ದು ಗೇಟಿಗೆ ಹೋದರೆ ಸ್ಲೇಟಿನ ಮೇಲೆ ‘ಕಾಸಾ ತಾನುಕಿ’ ಎಂದಿದೆ. ಅಕ್ಷರ ಅಕ್ಕನದು! ಗೆದ್ದೆ ಎಂದು ಬೀದಿಯಲ್ಲೇ ಕುಣಿದೆ. ಕುಣಿಯುತ್ತಲೇ ಒಳಗೆ ಬಂದು ಅವಳ ಮುಖ ನೋಡಿದೆ. ರಾತ್ರಿ ಅತ್ತಿದ್ದಳು. ಅಕ್ಕ ತನ್ನ ಹೆಸರಿಲ್ಲದೆ ನಮ್ಮ ಮನೆಗೆ ಬಂದು ಹೋಗುವುದನ್ನು ನೆನೆಸಿಕೊಂಡರೆ ಅವಳನ್ನೇ ಯಾರೋ ಬದಲಾಯಿಸಿ ಕಳಿಸಿದಂತೆ ಅನ್ನಿಸಿ ಹೆದರಿಕೆಯಾಯಿತು.

ಅವಳು ನೇರವಾಗಿ ತಾರಸಿಗೆ ಹೋದಳು, ಹಿಂದೆಯೇ ನಾನು. ಅಮ್ಮ ಮದುವೆಗೆಂದು ಸಂಡಿಗೆ ಇಡುತ್ತಿದ್ದಳು.

“ಅಮ್ಮ, ನನ್ನ ಹೆಸರು ನಂಗೆ ಬೇಕು.”

“ಎಲ್ರ ಮನೇಲೂ ಇರೋದೇ ಕಣೇ. ಅಭ್ಯಾಸ ಆಗೋಗುತ್ತೆ,” ಎಂದಳು ಅಮ್ಮ, ತಲೆಯೆತ್ತದೆ. “ಅಷ್ಟಕ್ಕೆಲ್ಲ ಮದುವೆ ಮನೇಲಿ ಮಾತು ಬೆಳೆಸ್ಬೇಡ. ಆ ಕಡೆ ಕಾಗೆ ಬಂತು ನೋಡು, ಓಡ್ಸು.”

ಕಾಗೆಯನ್ನು ನಾನು ಓಡಿಸಿದೆ. ಅದರ ಮೇಲೆ ನನಗಿದ್ದ ಸಿಟ್ಟಿಗೆ ಅದು ಒಂಟಿಕೊಪ್ಪಲಿನ ತನಕ ಹಾರಿರಬೇಕು.

ಅಮ್ಮನಿಂದ ಆಗದು ಎಂದಮೇಲೆ ನಾವು ಹೋದದ್ದು ಎದುರು ಮನೆಯ ಮಹಡಿಗೆ. ಆ ಹೆಂಗಸಿನ ಹೆಸರು ನಮ್ಮ ಬೀದಿಯ ಯಾರ ಬಾಯಿಗೂ ಸರಿಯಾಗಿ ಬರುತ್ತಿರಲಿಲ್ಲ. ಹೂ ಮಾರುವವಳು ಅವರಿಗೆ ಒಂದು ಹೂವಿನ ಹೆಸರಿಟ್ಟಿದ್ದಳು, ಬೀದಿಯೆಲ್ಲ ಅದನ್ನೇ ಕರೆಯುತ್ತಿತ್ತು. ನಿಮಗೆ ಬೇಜಾರಾಗುವುದಿಲ್ಲವೇ ಎಂದು ಅಕ್ಕ ಕೇಳಿದಳು.

ಅವರು ಸ್ವಲ್ಪ ಹೊತ್ತು ಪದ ಹುಡುಕಿಕೊಂಡರು. “ಇಲ್ಲ. ಹೂವಿನವರು ನನ್ನ ಕೇಳಿದರು, ಈ ಹೆಸರು ಬೇಕಾ? ನಾನು ವಾಸನೆ ನೋಡಿದೆ. ಬೇಕು ಅಂದೆ.” ಆಮೇಲೆ ಮೂಗು ಮುಟ್ಟಿಕೊಂಡು ಜೋರಾಗಿ ನಕ್ಕರು. ನಾವೂ ನಕ್ಕೆವು. ಮೆಟ್ಟಿಲಿಳಿಯುವಾಗ ಅಕ್ಕ, “ನನ್ನ ಯಾರೂ ಕೇಳ್ಲೇ ಇಲ್ವಲ್ಲೇ,” ಎಂದಳು.

ಆ ವಾರವೇ ನನಗೆ ಭಾವನಾಗಲಿದ್ದವರು ಲಗ್ನಪತ್ರಿಕೆಯ ಪ್ರೂಫ್ ತೋರಿಸಲು ಬಂದರು. ಬಂದ ಹೊತ್ತು ಸರಿಯಾಗಿ ಮಧ್ಯಾಹ್ನ. ಕೋಣೆ ತುಂಬ ಮಕ್ಕಳು. ಕೂರಲು ಜಾಗವಿಲ್ಲದೆ ಅವರು ಚಾಪೆಯ ಮೇಲೇ ಕೂತರು. ಕೂತದ್ದೇ ತಪ್ಪಾಯಿತು, ಯಾರೋ ಅವರ ಕೈಗೆ ಜಾಯ್‌ಸ್ಟಿಕ್ ತುರುಕಿದರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಮದುವೆ ಗಂಡು ತಾನುಕಿಯನ್ನು ನಡೆಸಿದ, ಹಾರಿಸಿದ, ನದಿಗೆ ಬೀಳಿಸಿದ. ಮತ್ತೆ ನಡೆಸಿದ, ಮತ್ತೆ ಬೀಳಿಸಿದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡಿದರು. ಕೊಡೆ ಬಿಚ್ಚುವುದನ್ನೇ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಗೇಟಲ್ಲಿ ಕಾಸಾ ತಾನುಕಿ ಅಂತ ಬರ್ದಿದೆ. ಇದೇನಾ ಅದು?” ಎಂದು ಭಾವ ಕೇಳಿದರು.

ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ತಾನುಕಿ, ಬೇರ್, ಕೊಡೆ ಕರಡಿ, ಎಲೆ, ಟೋಪಿ, ಬರ್ಗರ್. ಗದ್ದಲ ಇಳಿದಾಗ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅಕ್ಕ, “ನೀವೇ ಹೇಳಿ, ಯಾವ ಹೆಸರು ಇಡೋಣ?” ಎಂದಳು.

ಭಾವ ತೆರೆಯಿಂದ ಕಣ್ಣು ತೆಗೆಯದೆ, “ಇಷ್ಟೊಂದು ಒದ್ದಾಡ್ತಿರೋನು ಅವನು. ಅವನನ್ನೇ ಕೇಳ್ಬೇಕಪ್ಪ,” ಎಂದರು.

“ಹಾಗಾದ್ರೆ ನನ್ನೂ ಕೇಳಿ.”

ಭಾವ ತಿರುಗಿ ನೋಡಿದರು. ಅಕ್ಕ ಲೋಟವನ್ನು ಅವರ ಮುಂದಿಟ್ಟು ನೆಟ್ಟಗೆ ಅವರನ್ನೇ ನೋಡಿದಳು. ಅಷ್ಟು ಹೊತ್ತಿಗೆ ತಾನುಕಿ ಪುನಃ ನದಿಗೆ ಬಿತ್ತು, ಈ ಸಲ ಯಾರೂ ನಗಲಿಲ್ಲ. ಅಕ್ಕ ಅಕ್ಕಿಯ ಹರಿವಾಣದ ವಿಷಯವನ್ನು ಮಕ್ಕಳೆದುರೇ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಹೆಸರು ಚೆನ್ನಾಗಿದೆ, ನಿಮ್ಮ ಅಜ್ಜಿಯ ಮೇಲೆ ನನಗೆ ಗೌರವ ಇದೆ, ಆದರೆ ನನ್ನ ಹೆಸರು ನನಗೆ ಇಷ್ಟ.

ಭಾವ ಕಿವಿಯ ಹಿಂದೆ ಕೆರೆದುಕೊಂಡರು. “ಅಮ್ಮ ಆಸೆ ಇಟ್ಕೊಂಡಿದ್ದಾರೆ,” ಎಂದರು. ಅಷ್ಟೇ. ಕಾಫಿ ಕುಡಿದು, ಪ್ರೂಫನ್ನು ಚಾಪೆಯ ಮೇಲೇ ಮರೆತು ಹೊರಟುಹೋದರು. ಅಮ್ಮನ ಬೈಗುಳ ಸಂಜೆಯವರೆಗೂ ನಡೆಯಿತು.

ಮದುವೆಯ ದಿನ ಛತ್ರದಲ್ಲಿ ನನಗೆ ಒಂದು ತುತ್ತೂ ಇಳಿಯಲಿಲ್ಲ, ಬೆಳಗಿನ ತಿಂಡಿಗೆ ಕೇಸರಿಭಾತ್ ಇದ್ದರೂ. ತಾಳಿ ಕಟ್ಟಿದ್ದಾಯಿತು. ಹರಿವಾಣ ಬಂತು, ಅಕ್ಕಿ ಹರಡಿದರು. ಪುರೋಹಿತರು ಉಂಗುರವನ್ನು ಭಾವನ ಕೈಗಿಟ್ಟರು. ಹೆಂಗಸರೆಲ್ಲ ಮುತ್ತಿಕೊಂಡದ್ದರಿಂದ ಏನೂ ಕಾಣಿಸದೆ ನಾನು ರೇಷ್ಮೆ ಲಂಗ ಎತ್ತಿ ಹಿಡಿದು ಕುರ್ಚಿಯ ಮೇಲೆ ಹತ್ತಿದೆ. ಮೇಲಿನಿಂದ ಭಾವನ ಬೆರಳು ಕಾಣುತ್ತಿತ್ತು. ಮೊದಲ ಅಕ್ಷರ ಬರೆದರು. ಅದು ಅಜ್ಜಿಯ ಹೆಸರಿನ ಅಕ್ಷರವಲ್ಲ! ನಾನು ಪಕ್ಕದಲ್ಲಿದ್ದ ಯಾರದೋ ತಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡನೆಯದೂ ನಮ್ಮದೇ. ಕೊನೆಯದನ್ನು ಬರೆದು ಅವರು ಉಂಗುರ ಕೆಳಗಿಟ್ಟರು.

ಅವರ ಅಮ್ಮ ಬಗ್ಗಿ ನೋಡಿದರು. “ಲೋ, ಇದು ಇರೋ ಹೆಸರೇ ಅಲ್ವೇನೋ?”

“ಹೌದಮ್ಮ. ಅವ್ಳನ್ನ ಕೇಳ್ದೆ. ಇದೇ ಇರ್ಲಿ ಅಂತೆ.”

ಶಾಸ್ತ್ರ ಮುಗಿಯಿತೆಂದುಕೊಂಡು ವಾಲಗದವರು ಇನ್ನೊಂದು ಸಲ ಗಟ್ಟಿಮೇಳ ಬಾರಿಸಿಬಿಟ್ಟರು. ಆ ಸದ್ದಿನಲ್ಲಿ ಯಾರು ಏನು ಬೈದಿದ್ದರೂ ಕೇಳಿಸುತ್ತಿರಲಿಲ್ಲ. ಅದು ನಿಂತಾಗ ಅಕ್ಕನ ಅತ್ತೆ ಹರಿವಾಣವನ್ನು ತಮ್ಮ ಕಡೆ ತಿರುಗಿಸಿಕೊಂಡು, “ಅಕ್ಷರಾನಾದ್ರೂ ದುಂಡಗೆ ಬರೀಬಾರ್ದಾಗಿತ್ತಾ, ಕೋಳಿ ಕೆದರಿದಂಗೆ ಬರ್ದಿದ್ದಾನೆ,” ಎಂದು ನಕ್ಕುಬಿಟ್ಟರು. ಅಕ್ಕ ನಕ್ಕಳು. ನಾನು ಕುರ್ಚಿಯಿಂದ ಹಾರಿ, ನಮ್ಮ ಬೀದಿಯ ಮಕ್ಕಳನ್ನೆಲ್ಲ ಕಟ್ಟಿಕೊಂಡು ಛತ್ರದ ತುಂಬ ಅವಳ ಹೆಸರು ಕೂಗುತ್ತಾ ಓಡಿದೆ. ಮನಸ್ಸು ಹಗುರವಾಗಿ ಹೊಟ್ಟೆ ಹಸಿಯತೊಡಗಿತು.

ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಮ್ಮ ಎಲ್ಲೂ ಇಲ್ಲ. ಆರತಿಗೆ ಅವಳು ಬೇಕಾಗಿತ್ತು. ಅಕ್ಕನೂ ನಾನೂ ಹುಡುಕಿಕೊಂಡು ಉಗ್ರಾಣಕ್ಕೆ ಹೋದೆವು. ಅಲ್ಲಿ ಬಾಳೆಎಲೆಯ ಕಟ್ಟುಗಳ ನಡುವೆ, ಕುಂಬಳಕಾಯಿಗೆ ಒರಗಿಕೊಂಡು ಅಮ್ಮ ಅಳುತ್ತಿದ್ದಳು. ನಗುತ್ತಲೂ ಇದ್ದಳು. ಎರಡರಲ್ಲಿ ಯಾವುದು ಜಾಸ್ತಿ ಎಂದು ತಿಳಿಯಲಿಲ್ಲ.

“ನಮ್ಮ ಮದ್ವೇಲೂ ಹರಿವಾಣ ಇತ್ತು ಕಣ್ರೇ,” ಎಂದಳು.

ಹುಟ್ಟಿದಾಗಿನಿಂದ ಅಮ್ಮನ ಹೆಸರೆಂದು ತಿಳಿದದ್ದು, ಶಾಲೆಯ ಅರ್ಜಿಗಳಲ್ಲೆಲ್ಲ ತುಂಬಿದ್ದು, ಯಾರೋ ಅಕ್ಕಿಯಲ್ಲಿ ಬರೆದು ಕೊಟ್ಟದ್ದಂತೆ. ಅವಳ ತವರಿನ ಹಿರಿಯರು ಇರುವ ತನಕ ಹಳೆಯ ಹೆಸರಿತ್ತು, ನಾವು ಹುಟ್ಟುವ ಮೊದಲೇ ಅವರೆಲ್ಲ ಹೋದಮೇಲೆ ಹಾಗೆ ಕರೆಯುವವರು ಯಾರೂ ಉಳಿಯಲಿಲ್ಲ. ಏನು ಹೆಸರಮ್ಮ ಎಂದು ಅಕ್ಕ ಕೇಳಿದಳು. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡು ಹೇಳಿದಳು. ಪುಟ್ಟ ಹೆಸರು, ಲಂಗ ಮೇಲೆತ್ತಿಕೊಂಡು ಕುಂಟೇಬಿಲ್ಲೆ ಆಡುವ ಹುಡುಗಿಗೆ ಒಪ್ಪುವಂಥದ್ದು. ಅದನ್ನು ಇಲ್ಲಿ ಬರೆಯಲು ಅಮ್ಮ ಒಪ್ಪುವುದಿಲ್ಲ.

ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆಯುವುದುಂಟೇ? ಅಕ್ಕ ಧಾರೆಸೀರೆ ಉಟ್ಟುಕೊಂಡೇ ಉಗ್ರಾಣದ ಬಾಗಿಲಾಚೆ ಹೋಗಿ ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಆಟಕ್ಕೆ ಕರೆಯುವ ಗೆಳತಿಯ ಹಾಗೆ ಆ ಹೆಸರನ್ನು ರಾಗವಾಗಿ ಕೂಗಿದಳು.

“ಓ, ಬಂದೇ!” ಎಂದು ಅಮ್ಮ ಎದ್ದು ನಿಂತೇಬಿಟ್ಟಳು.