ಎಡಕ್ಕೆ ಹಳೆಯದು, ಬಲಕ್ಕೆ ಹೊಸದು

ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಕಿಟಕಿ ಮೇಡಂ ಅಂತಲೇ ಕರೆಯುತ್ತಿದ್ದರು. ಆ ನೆಲಮಾಳಿಗೆಗೆ ಹೆಸರಿಗೆ ಒಂದು ಕಿಟಕಿಯೂ ಇರಲಿಲ್ಲ, ಅದು ಬೇರೆ ಮಾತು. ಡಾಕ್ಟರುಗಳು ಸ್ಕ್ಯಾನ್ ನೋಡುವ ಕಂಪ್ಯೂಟರಿನ ಪರದೆಯಲ್ಲಿ ಯಾವ ಚಿತ್ರ ಎಲ್ಲಿ ಕೂರಬೇಕು, ಎಷ್ಟು ದೊಡ್ಡದಾಗಿ ಕೂರಬೇಕು, ಯಾವುದರ ಪಕ್ಕಕ್ಕೆ ಯಾವುದು ಬರಬೇಕು, ಇದನ್ನೆಲ್ಲ ಒಬ್ಬೊಬ್ಬ ಡಾಕ್ಟರಿಗೂ ಬೇರೆ ಬೇರೆಯಾಗಿ ಹೊಂದಿಸಿಕೊಡುವುದು ಅವಳ ಕೆಲಸ. ಪರದೆಯ ಒಂದೊಂದು ಚೌಕವನ್ನೂ ಅವಳು ಕಿಟಕಿ ಅನ್ನುತ್ತಿದ್ದಳು. "ಸಾರ್, ನಿಮಗೆ ನಾಲ್ಕು ಕಿಟಕಿ ಸಾಕಾ, ಆರು ತೆಗೀಲಾ?" ಅಂತ ಕೇಳಿ ಕೇಳಿ ಹೆಸರು ಅಂಟಿಕೊಂಡಿತು.

ಡಾಕ್ಟರುಗಳದ್ದು ಒಬ್ಬೊಬ್ಬರದು ಒಂದೊಂದು ರಾಗ. ಮೂಳೆ ಡಾಕ್ಟರಿಗೆ ಮುಂದಿನ ನೋಟ, ಪಕ್ಕದ ನೋಟ ಎರಡೂ ಅಕ್ಕಪಕ್ಕ ನಿಂತಿರಬೇಕು. ಮಕ್ಕಳ ಡಾಕ್ಟರಿಗೆ ಒಂದೇ ಕಿಟಕಿ, ಪರದೆ ತುಂಬ. ಕಿರಿಯ ಲೇಡಿ ಡಾಕ್ಟರಿಗೆ ಕಿಟಕಿಯ ನಾಲ್ಕು ಮೂಲೆಯಲ್ಲೂ ಹೆಸರು, ವಯಸ್ಸು, ತಾರೀಖು ಎಲ್ಲ ಕಾಣಬೇಕು, ಇಲ್ಲದಿದ್ದರೆ ಕೈಕಾಲು ಆಡುವುದಿಲ್ಲ. ಇವರೆಲ್ಲರ ಚಾಳಿಗಳನ್ನೂ ಅವಳು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಎರಡು ನಿಯಮಗಳಿದ್ದವು. ಒಂದು, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಎರಡು, ರೋಗಿ ಹೊರಗಿನಿಂದ ಹಳೆಯ ಸ್ಕ್ಯಾನಿನ ಸಿಡಿ ತಂದರೆ ಅದನ್ನು ಮೊದಲು ಕಂಪ್ಯೂಟರಿಗೆ ಹಾಕಬೇಕು, ಹೊಸ ಸ್ಕ್ಯಾನ್ ಆಮೇಲೆ. ಏಕೆಂದರೆ ಆ ಸಾಫ್ಟ್‌ವೇರಿಗೆ ಕೊನೆಗೆ ಬಂದದ್ದೇ ಹೊಸದು. ತಾರೀಖು ನೋಡುವಷ್ಟು ಬುದ್ಧಿ ಅದಕ್ಕೆ ಇರಲಿಲ್ಲ, ಬಾಗಿಲಲ್ಲಿ ಯಾರು ಕೊನೆಗೆ ಬಂದರು ಅಂತ ಮಾತ್ರ ನೋಡುತ್ತಿತ್ತು.

ಅವಳ ಮನೆಯಲ್ಲಿ ತಾರೀಖು ನೋಡುವುದಕ್ಕೆ ಬೇರೆ ಒಬ್ಬರಿದ್ದರು. ಗಂಡನ ಅಕ್ಕ, ಅವಳ ಅತ್ತಿಗೆ. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ಸತ್ತ ಮೇಲೆ ತಮ್ಮನನ್ನು ತಾವೇ ಸಾಕಿ ದೊಡ್ಡವನನ್ನಾಗಿ ಮಾಡಿದರು, ಆಮೇಲೆ ಆ ಲೆಕ್ಕಕ್ಕೆ ಅವನ ಹೆಂಡತಿಯನ್ನು ಅರೆದರು. ಅತ್ತಿಗೆಯ ಆಯುಧ ನಾಲಿಗೆಯಲ್ಲ, ನೆನಪು. "ನಾಲ್ಕನೇ ತಿಂಗಳು ಹನ್ನೊಂದನೇ ತಾರೀಖು, ಶನಿವಾರ, ಹಾಲು ಉಕ್ಕಿಸಿದೆ. ಅದಾಗಿ ಮೂರು ದಿನಕ್ಕೆ, ಮಂಗಳವಾರ, ನನ್ನ ಕನ್ನಡಕದ ಮೇಲೆ ಕೂತೆ." ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳ ಒಂದೊಂದು ತಪ್ಪಿಗೂ ತಾರೀಖಿತ್ತು, ವಾರವಿತ್ತು. ಒಮ್ಮೆ ಅವಳ ಹೊಟ್ಟೆಯಲ್ಲಿದ್ದ ಐದು ತಿಂಗಳ ಮಗು ಹೋಯಿತು. ಅದಕ್ಕೂ ಅತ್ತಿಗೆಯ ಹತ್ತಿರ ತಾರೀಖಿತ್ತು. "ಗುರುವಾರ. ಮೆಟ್ಟಿಲು ಹತ್ತಬೇಡ ಅಂದೆ, ಹತ್ತಿದೆ." ಪ್ರತಿ ವರ್ಷ ಆ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಇಷ್ಟನ್ನು ಹೇಳಿ, ಪೇಪರ್ ಬಿಡಿಸಿಕೊಳ್ಳುತ್ತಿದ್ದರು.

ಅವಳು ಎದುರು ವಾದಿಸಿದರೆ ಗಂಡ ಕೈಯೆತ್ತಿ ತಡೆಯುತ್ತಿದ್ದ. "ಅಕ್ಕನ ನೆನಪು ತಪ್ಪಲ್ಲ ಕಣೇ. ಸುಮ್ನಿರು." ಅವನು ಹೇಳುವುದೂ ಸುಳ್ಳಲ್ಲ. ಅತ್ತಿಗೆ ಯಾರಿಗೆ ಏನು ಕೊಟ್ಟರೂ ಅದರ ಮೇಲೆ ಗುಂಡಗಿನ ಅಕ್ಷರದಲ್ಲಿ ಕೊಟ್ಟ ದಿನ, ಕೊಟ್ಟ ಹೊತ್ತು ಬರೆದು ಕೊಡುವವರು. ಪಕ್ಕದ ಮನೆಯವರಿಗೆ ಕೊಟ್ಟ ಛತ್ರಿಯ ಹಿಡಿಯ ಮೇಲೂ ಚೀಟಿ ಅಂಟಿಸಿದ್ದರು.

ಆ ವರ್ಷ ವಿಭಾಗದ ದೊಡ್ಡ ಡಾಕ್ಟರಿಗೆ ಹೊಸ ಹುಚ್ಚು ಹಿಡಿಯಿತು. ಊರಿಗೊಂದು ದಾರಿಯಾದರೆ ಈ ಪೋರನಿಗೊಂದು ದಾರಿ, ಪೋರನಿಗೆ ಅರುವತ್ತು ದಾಟಿತ್ತು ಅಷ್ಟೆ. "ಈ ಮೂಲೆಯ ಅಕ್ಷರ ಎಲ್ಲ ತೆಗೆದುಬಿಡಿ. ಹೆಸರು, ತಾರೀಖು ಓದೋಕೆ ಕೂತಿಲ್ಲ ನಾನು. ನನಗೆ ಶ್ವಾಸಕೋಶ ಕಾಣಿಸಿದರೆ ಸಾಕು."

"ಸಾರ್, ತಾರೀಖು ಒಂದು ಇರಲಿ. ಹಳೇದು ಹೊಸದು ಗೊತ್ತಾಗುತ್ತೆ."

"ಎಡಕ್ಕೆ ಹಳೇದು, ಬಲಕ್ಕೆ ಹೊಸದು. ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ನೀವು ನನಗೆ ಪಾಠ ಹೇಳಬೇಡಿ, ಕಿಟಕಿ ಒರೆಸಿ ಸಾಕು." ಸುತ್ತಲಿದ್ದವರು ನಕ್ಕರು. ಅವಳು ತಾರೀಖು ತೆಗೆದಳು.

ಇದಾದ ಎರಡು ತಿಂಗಳಿಗೆ ಅತ್ತಿಗೆಯ ಕೆಮ್ಮು ಜೋರಾಯಿತು. ಅದಕ್ಕೆ ಮೊದಲೇ ಬೇರೆ ಆಸ್ಪತ್ರೆಯಲ್ಲಿ ತೆಗೆಸಿದ ಎದೆಯ ಸ್ಕ್ಯಾನಿನಲ್ಲಿ ಬಟಾಣಿ ಕಾಳಿನಷ್ಟು ಗಂಟು ಕಂಡಿತ್ತು. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಬೆಳೆದಿದ್ದರೆ ಆಪರೇಷನ್ ಅಂದಿದ್ದರು. ಆ ಇನ್ನೊಮ್ಮೆಗೆ ಅತ್ತಿಗೆ ಇವಳ ಆಸ್ಪತ್ರೆಗೇ ಬಂದರು. ಬುಧವಾರ, ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ. ಕೈಯಲ್ಲಿ ಹಳೆಯ ಸ್ಕ್ಯಾನಿನ ಸಿಡಿ.

ಕೌಂಟರಿನ ಮುಂದೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತಿದ್ದರು. ಅತ್ತಿಗೆ ಸಿಡಿಯನ್ನು ಇವಳ ಕೈಗೆ ಕೊಟ್ಟು, ಕೌಂಟರಿನ ಹುಡುಗಿಯ ಕಡೆ ತಿರುಗಿ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಹೇಳಿದರು. "ಇವಳು ನನ್ನ ತಮ್ಮನ ಹೆಂಡತಿ. ಇಲ್ಲಿ ಊರವರ ಎದೆ, ಹೊಟ್ಟೆ ಎಲ್ಲ ಜೋಡಿಸಿ ಇಡ್ತಾಳಂತೆ. ತನ್ನ ಹೊಟ್ಟೇದು ಒಂದನ್ನ ಉಳಿಸ್ಕೊಳ್ಳೋಕೆ ಬರಲಿಲ್ಲ."

ಸಾಲಿನಲ್ಲಿ ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಉಳಿದವರು ತಮ್ಮ ಚಪ್ಪಲಿ ನೋಡಿಕೊಂಡರು. ಅವಳಿಗೆ ಕಿವಿಯ ತುದಿಯವರೆಗೂ ಬೆಂಕಿ ಏರಿತು. "ಹಾಕ್ತೀನಿ ಅತ್ತಿಗೆ," ಅಂದಳು. ಒಳಗೆ ಹೋಗಿ ಸಿಡಿಯನ್ನು ಡ್ರಾಯರಿಗೆ ಎಸೆದು, ಡ್ರಾಯರ್ ಮುಚ್ಚಿದಳು.

ಕೊಲ್ಲುವ ಯೋಚನೆ ಅವಳಿಗೆ ಖಂಡಿತ ಇರಲಿಲ್ಲ. ಸೇಡು ಇದ್ದದ್ದು ಬೆರಳಿನಷ್ಟು. ಹಳೆಯ ಚಿತ್ರ ಬಾರದೆ ಡಾಕ್ಟರು ಹೊಸದನ್ನು ಓದುವುದಿಲ್ಲ, ರಿಪೋರ್ಟ್ ಬರುವುದಿಲ್ಲ. ಅಷ್ಟು ಹೊತ್ತೂ ಮುದುಕಿ ಕಬ್ಬಿಣದ ಬೆಂಚಿನ ಮೇಲೆ ಕೂತಿರಲಿ, ಸೊಂಟ ಹಿಡಿಯಲಿ, ಇಷ್ಟೇ. ಒಂಬತ್ತಕ್ಕೆ ಹೊಸ ಸ್ಕ್ಯಾನ್ ಆಯಿತು. ಅತ್ತಿಗೆ ಕೂತರು. ನಡುವೆ ಹನ್ನೆರಡೂವರೆಗೆ ಮಾತ್ರೆಗೆಂದು ಮನೆಗೆ ಹೋಗಿ ಬಂದು ಮತ್ತೆ ಕೂತರು. ಅವಳು ಆಚೆ ಈಚೆ ಓಡಾಡುವಾಗ ಓರೆಗಣ್ಣಲ್ಲಿ ನೋಡಿ ಖುಷಿಪಟ್ಟಳು. ಎರಡು ನಲವತ್ತಕ್ಕೆ, ಇನ್ನು ಸಾಕು ಅನ್ನಿಸಿ, ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಳು. ತಾನೇ ಕೆಂಪು ಇಂಕಿನಲ್ಲಿ ಬರೆದ ನಿಯಮ ಆ ಹೊತ್ತಿಗೆ ಅವಳ ತಲೆಯಲ್ಲಿರಲಿಲ್ಲ, ಅಲ್ಲಿ ಕಬ್ಬಿಣದ ಬೆಂಚೊಂದೇ ಇತ್ತು.

ಕೊನೆಗೆ ಬಂದದ್ದು ಹೊಸದು ಅಂದುಕೊಂಡ ಸಾಫ್ಟ್‌ವೇರ್, ಹಳೆಯ ಬಟಾಣಿಯನ್ನು ಬಲಕ್ಕೆ ಕೂರಿಸಿತು. ಆವತ್ತು ಬೆಳಿಗ್ಗೆ ತೆಗೆದ, ದ್ರಾಕ್ಷಿಯಷ್ಟು ದಪ್ಪಗಾಗಿದ್ದ ಗಂಟನ್ನು ಎಡಕ್ಕೆ ಕೂರಿಸಿತು. ಮೂಲೆಯಲ್ಲಿ ತಾರೀಖು ಇರಲಿಲ್ಲ. ದೊಡ್ಡ ಡಾಕ್ಟರು ಮೂರು ನಿಮಿಷ ನೋಡಿ ಬರೆಸಿದರು: ಗಂಟು ತಾನಾಗಿಯೇ ಕುಗ್ಗಿದೆ. ಆಪರೇಷನ್ ಬೇಡ. ನಾಲ್ಕು ತಿಂಗಳ ನಂತರ ಬನ್ನಿ.

ಅತ್ತಿಗೆ ಆ ರಿಪೋರ್ಟನ್ನು ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದರು. "ನಿನ್ನ ಆಸ್ಪತ್ರೆ ಪರವಾಗಿಲ್ಲ ಕಣೇ," ಅಂದರು. ಅವಳ ಬಗ್ಗೆ ಆ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಅವಳಿಗೆ ಸ್ವಲ್ಪ ನಾಚಿಕೆಯೂ ಆಯಿತು.

ನಾಲ್ಕು ತಿಂಗಳಾದ ಮೇಲೆ ದೊಡ್ಡ ಡಾಕ್ಟರು ರಜೆಯಲ್ಲಿದ್ದರು. ಕಿರಿಯ ಲೇಡಿ ಡಾಕ್ಟರು ಮೂರೂ ಸ್ಕ್ಯಾನುಗಳನ್ನು ತೆರೆದು, ಮೂಲೆಯ ತಾರೀಖು ಓದಿ, ಕುರ್ಚಿ ಹಿಂದಕ್ಕೆ ತಳ್ಳಿದರು. "ಕಿಟಕಿ ಮೇಡಂ, ಬನ್ನಿ ಇಲ್ಲಿ. ಕಳೆದ ಸಲ ಇದನ್ನ ಉಲ್ಟಾ ಓದಿದಾರಲ್ರೀ!" ದ್ರಾಕ್ಷಿ ಈಗ ದ್ರಾಕ್ಷಿಯಾಗಿ ಉಳಿದಿರಲಿಲ್ಲ. ಲಿವರಿನಲ್ಲಿ, ಮೂಳೆಯಲ್ಲಿ ಮನೆ ಮಾಡಿತ್ತು. ಆಪರೇಷನ್ನಿನ ಮಾತು ಆಡುವ ಹಾಗೇ ಇರಲಿಲ್ಲ.

ಅವಳಿಗೆ ಎಲ್ಲವೂ ಒಂದೇ ಉಸಿರಿಗೆ ಅರ್ಥವಾಯಿತು. ತನ್ನ ಕೋಣೆಗೆ ಹೋಗಿ ಡ್ರಾಯರ್ ಎಳೆದಳು. ಸಿಡಿಯ ಬಿಳಿ ಕವರ್ ಇನ್ನೂ ಅಲ್ಲೇ ಬಿದ್ದಿತ್ತು, ಅದರ ಮೇಲೆ ಗುಂಡಗಿನ ಅಕ್ಷರ: "ತಮ್ಮನ ಹೆಂಡತಿಯ ಕೈಗೆ ಕೊಟ್ಟದ್ದು. ಬುಧವಾರ, ಬೆಳಿಗ್ಗೆ 8-20." ಅವಳ ಕೆಲಸ, ಅವಳ ಮನೆ, ಗಂಡ, ಎಲ್ಲವೂ ಆ ಒಂದು ಸಾಲಿನ ಕೆಳಗೆ ಕೂತಿದ್ದವು. ಅವಳು ಕವರನ್ನು ಎಂಟು ಚೂರು ಮಾಡಿ, ಶೌಚಾಲಯಕ್ಕೆ ಹಾಕಿ, ಎರಡು ಸಲ ನೀರು ಬಿಟ್ಟಳು.

ವಿಚಾರಣೆಗೆ ಮೂವರು ಕೂತರು. ಚಹಾ ಬಂತು, ಬಿಸ್ಕತ್ತು ಬಂತು. ದೊಡ್ಡ ಡಾಕ್ಟರನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಒಂದು ಕಾರಣ ಅವರಿಗೆ ಬೇಕಿತ್ತು. ಸಿಡಿ ಎರಡು ನಲವತ್ತಕ್ಕೆ ಒಳಗೆ ಹೋಗಿದೆ ಅಂತ ಕಂಪ್ಯೂಟರಿನ ದಾಖಲೆ ಹೇಳುತ್ತಿತ್ತು.

"ಸಿಡಿ ನಿಮ್ಮ ಕೈಗೆ ಬಂದದ್ದು ಎಷ್ಟು ಹೊತ್ತಿಗೆ?" ಒಬ್ಬರು ಕೇಳಿದರು.

"ಮಧ್ಯಾಹ್ನ ಸಾರ್," ಅಂದಳು ಅವಳು.

ಒಂದೇ ಪದ. ಕೌಂಟರಿನ ಹುಡುಗಿಯನ್ನು ಯಾರೂ ಕರೆಸಲಿಲ್ಲ. ಸಾಲಿನಲ್ಲಿ ನಕ್ಕವರ ವಿಳಾಸ ಯಾರ ಹತ್ತಿರವೂ ಇರಲಿಲ್ಲ. 'ರೋಗಿಯು ಹಳೆಯ ಚಿತ್ರಗಳನ್ನು ತಡವಾಗಿ ತಲುಪಿಸಿದ್ದರಿಂದ ಕ್ರಮ ವ್ಯತ್ಯಾಸವಾಗಿದೆ' ಅಂತ ಬರೆದು ಮೂವರೂ ಸಹಿ ಹಾಕಿದರು. ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ಅವಳ ಹತ್ತಿರ ಬಂದು, ಎಂದೂ ಇಲ್ಲದ ಮೆಲುದನಿಯಲ್ಲಿ, "ನನ್ನ ಪರದೆಗೆ ತಾರೀಖು ವಾಪಸ್ ಹಾಕಿಬಿಡಿ. ಸಣ್ಣಕ್ಷರದಲ್ಲಿ," ಅಂದರು.

ಆ ಕಾಗದ ಮನೆಗೆ ಬಂದ ದಿನ ಅತ್ತಿಗೆ ಹಾಸಿಗೆಯಿಂದ ಎದ್ದು ಕೂತರು. "ಸುಳ್ಳು! ಬುಧವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಕೊಟ್ಟಿದೀನಿ. ಇವಳ ಕೈಗೇ ಕೊಟ್ಟಿದೀನಿ."

ಗಂಡ ಹೆಂಡತಿಯ ಮುಖ ನೋಡಿದ. ಅವಳು ಔಷಧಿಯ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. "ಇಲ್ಲ ಅತ್ತಿಗೆ. ನೀವು ಮಾತ್ರೆ ತಗೊಳ್ಳೋಕೆ ಮನೆಗೆ ಹೋಗಿದ್ರಲ್ಲ, ಬರ್ತಾ ತಂದ್ರಿ."

"ಹೌದಲ್ಲಕ್ಕ," ಗಂಡನಿಗೂ ದಾರಿ ಸಿಕ್ಕಿತು. "ಅವತ್ತು ಮಧ್ಯಾಹ್ನ ಮನೆಗೆ ಬಂದಿದ್ದೆ ಅಂತ ನೀನೇ ಹೇಳಿದ್ದೆ. ಬೆಳಿಗ್ಗೆ ಮರೆತು ಹೋಗಿರ್ತೀಯ."

"ನಾನು ಮರೀತೀನಾ?" ಅತ್ತಿಗೆ ಕೇಳಿದರು. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಈ ಪ್ರಶ್ನೆ ಎದ್ದದ್ದು ಅದೇ ಮೊದಲು. ತಮ್ಮ ಬಗ್ಗಿ ಅಕ್ಕನ ಹೊದಿಕೆ ಸರಿ ಮಾಡಿದ.

ಒಂದು ವಾರ ಅತ್ತಿಗೆ ಹೋರಾಡಿದರು. ಸೀರೆಯ ಬಣ್ಣ ಹೇಳಿದರು, ಬಸ್ಸಿನ ನಂಬರು ಹೇಳಿದರು, ಬೆಂಚಿನಲ್ಲಿ ಪಕ್ಕ ಕೂತವಳ ಮಗಳ ಹೆಸರು ಹೇಳಿದರು. ಕೌಂಟರಿನಲ್ಲಿ ತಾವು ಆಡಿದ ಮಾತನ್ನು ಮಾತ್ರ ಹೇಳಲಿಲ್ಲ. ಅದು ನೆನಪಿಟ್ಟುಕೊಳ್ಳುವಷ್ಟು ದೊಡ್ಡದು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಅವರು ಏನು ಹೇಳಿದರೂ ಗಂಡ ಹೆಂಡತಿ ಇಬ್ಬರೂ ಮೆಲ್ಲಗೆ, ಪ್ರೀತಿಯಿಂದ, ಇಲ್ಲ ಅಂದರು. ನೋವಿನ ಮಾತ್ರೆ ಹೆಚ್ಚಿದ ಹಾಗೆ ಕಣ್ಣು ಮಬ್ಬಾಗುತ್ತ ಬಂತು. ಒಂದು ದಿನ ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕಿಸಿದರು. ಆಮೇಲೆ ಸುಮ್ಮನಾಗಿಬಿಟ್ಟರು.

ಕೊನೆಯ ವಾರಗಳಲ್ಲಿ ಅವಳು ಕೆಲಸಕ್ಕೆ ರಜೆ ಹಾಕಿ ಅತ್ತಿಗೆಯ ಆರೈಕೆಗೆ ನಿಂತಳು. ಮೈ ಒರೆಸಿದಳು, ಮಗ್ಗುಲು ಬದಲಿಸಿದಳು, ಬಾಯಿಗೆ ಗಂಜಿ ಇಟ್ಟಳು. ಅಕ್ಕಪಕ್ಕದವರು ಹೊಗಳಿದರು, ಹೆತ್ತ ಮಗಳೂ ಹೀಗೆ ನೋಡಿಕೊಳ್ಳಲ್ಲ ಅಂತ. ಹೊಗಳಿಕೆ ಕೇಳಿದಾಗಲೆಲ್ಲ ಅವಳು ಗಂಜಿ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ನಿಜ ಹೇಳಿಬಿಡಬೇಕು ಅಂತ ದಿನಾ ಬೆಳಿಗ್ಗೆ ಕೋಣೆಯ ಬಾಗಿಲವರೆಗೆ ಬರುತ್ತಿದ್ದಳು, ದಿನಾ ಗಂಜಿಯ ಬಟ್ಟಲು ಹಿಡಿದು ಒಳಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತಿಗೆ ಅವಳ ಮುಂಗೈ ಹಿಡಿದುಕೊಂಡರು. ಬಿಸಿಲು ಹಾಸಿಗೆಯ ಕಾಲ ಹತ್ತಿರ ಬಿದ್ದಿತ್ತು.

"ಒಂದು ಕೇಳ್ತೀನಿ, ಸಿಟ್ಟಾಗಬೇಡ. ಆ ಸಿಡಿ ಕವರ್ ಮೇಲೆ ನಾನು ಹೊತ್ತು ಬರೆದಿದ್ದೆ ಅಂತ ನೆನಪು. ಬರೆದಿದ್ನಾ?"

ಬಾಯಿಗೆ ಬಂದದ್ದು ನಿಜವೇ. ನಾಲಿಗೆಯ ತುದಿಯವರೆಗೂ ಬಂತು. ಹೇಳಿದ್ದರೆ ಮುದುಕಿ ತನ್ನ ನೆನಪನ್ನಾದರೂ ಕೈಯಲ್ಲಿ ಹಿಡಿದುಕೊಂಡು ಸಾಯುತ್ತಿದ್ದಳು.

"ಇಲ್ಲ ಅತ್ತಿಗೆ. ಖಾಲಿ ಕವರ್."

ಅತ್ತಿಗೆ ಅವಳ ಮುಂಗೈ ಬಿಟ್ಟರು. "ಹಾಗಾದ್ರೆ ತಪ್ಪು ನಂದೇ. ನನ್ನ ಸಾವು ನಾನೇ ತಂದ್ಕೊಂಡೆ. ಸುಮ್ಮನೆ ನಿನ್ನನ್ನ ಅಂದೆ." ಆಮೇಲೆ, ತುಂಬ ಮೆಲ್ಲಗೆ, "ಆ ಗುರುವಾರ... ನೀನು ಮೆಟ್ಟಿಲು ಹತ್ತಿದ್ದೆ ಅಂತಿದ್ನಲ್ಲ. ಅದೂ ನನ್ನ ತಪ್ಪು ನೆನಪೇ ಇರಬೇಕು. ನೀನು ಹತ್ತಿರಲಿಲ್ಲ ಅಲ್ವಾ?"

ಅವಳು ಹತ್ತಿದ್ದಳು. ತಾರಸಿಯ ಮೇಲೆ ಒಣಹಾಕಿದ್ದ ಅತ್ತಿಗೆಯದೇ ಬಟ್ಟೆ ತರಲು ಹತ್ತಿದ್ದಳು.

"ಹತ್ತಿರಲಿಲ್ಲ," ಅಂದಳು. ಎದೆಯೊಳಗೆ ಎಷ್ಟೋ ವರ್ಷದ ಗೂಟವೊಂದು ಕಿತ್ತು ಬಂದ ಹಾಗಾಯಿತು. ಹಗುರವೆನ್ನಿಸಿತು. ಹಗುರವೆನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅತ್ತಿಗೆ ತಲೆದಿಂಬಿನ ಕೆಳಗಿನಿಂದ ತಮ್ಮ ಡೈರಿ ಎಳೆದು ಅವಳ ಮಡಿಲಿಗೆ ಇಟ್ಟರು. "ಇನ್ಮೇಲೆ ನೀನೇ ಬರಿ. ಇವತ್ತು ಬುಧವಾರ ಅಂತ ನನಗನ್ನಿಸುತ್ತೆ. ಹೌದಾ?"

ಎದುರಿನ ಗೋಡೆಯ ಮೇಲೆ, ಅವರ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದ ಕ್ಯಾಲೆಂಡರ್ ಇತ್ತು. ಅದು ಬುಧವಾರವೇ. ಅತ್ತಿಗೆ ಆ ಕಡೆ ನೋಡಲಿಲ್ಲ, ಅವಳ ಬಾಯನ್ನೇ ನೋಡುತ್ತ ಕಾದರು.